ತರಬೇತಿ ದಿನಕ್ಕೆ ಸಿಕ್ಕ ದೊಡ್ಡ ಹೆಸರು

ಶಾಲೆಗೆ ಹೊಸ ಮುಖ್ಯಗುರು ಬಂದು, ಮೊದಲ ತಿಂಗಳಲ್ಲೇ ಒಂದು ದಿನದ ಸಿಬ್ಬಂದಿ ತರಬೇತಿ ನಡೆಸಿದರೆ ‘ಕೆಲಸಗಾರರು’ ಎಂಬ ಹೆಸರು ಕೂಡಲೇ ಸಿಗುತ್ತದೆ. ದೀಪ, ಶಾಲು, ಬ್ಯಾನರು, ಸಂಪನ್ಮೂಲ ವ್ಯಕ್ತಿ, ಸಾಲಾಗಿ ಕುಳಿತ ಗುರುಗಳು, ಗುರುಮಾತೆಯರು: ಇಂಥ ಫೋಟೊಗಳನ್ನು ಸೇಡಂನಿಂದ ವಾಡಿಯವರೆಗೆ ಎಲ್ಲರೂ ನೋಡಿದ್ದೇವೆ. ಶಾಲೆ ಸುಧಾರಣೆಯ ಮೊದಲ ಗುರುತು ಇದೇ ಎಂದು ಬರೆಯುವವರೂ ಇದ್ದಾರೆ. ಈ ಹೆಸರು ಅತಿಯಾಯಿತು. ಭಂಕೂರಿನಂಥ ಊರಿನ ಶಾಲೆಗೆ ಈ ದಿನದಿಂದ ದಕ್ಕಬೇಕಾದದ್ದು ಬಹಳ, ದಕ್ಕುತ್ತಿರುವುದು ತೀರ ಕಡಿಮೆ.

ಹಿನ್ನೆಲೆಯನ್ನು ಈ ಭಾಗದ ಓದುಗರಿಗೆ ವಿವರಿಸಬೇಕಿಲ್ಲ. 371(ಜೆ), ಮಂಡಳಿಯ ಅನುದಾನ, ಖಾಲಿ ಹುದ್ದೆ, ಅತಿಥಿ ಶಿಕ್ಷಕರು, ಎಲ್ಲ ಗೊತ್ತಿರುವುದೇ. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆ ಶೇ 42.43 ಫಲಿತಾಂಶದೊಂದಿಗೆ ರಾಜ್ಯಕ್ಕೇ ಕೊನೆಯದಾಯಿತು. ಹಾಗೆಂದು ತರಬೇತಿಗೆ ಬರವೇನೂ ಇರಲಿಲ್ಲ. 2019ರಲ್ಲಿ ದೇಶದ 42 ಲಕ್ಷ ಶಿಕ್ಷಕರನ್ನು ಗುರಿಯಾಗಿಟ್ಟುಕೊಂಡು ‘ನಿಷ್ಠಾ’ ಬಂತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆ ವೃತ್ತಿ ಕಲಿಕೆ ಇರಬೇಕೆಂದಿತು. ಗಂಟೆಗಳೇನೋ ತುಂಬುತ್ತಿವೆ. ಆ ಗಂಟೆಗಳಲ್ಲಿ ಏನು ನಡೆಯುತ್ತದೆ ಎಂಬುದನ್ನು ನೋಡಬೇಕು.

ದಿನದ ಜೀವಾಳವೆಂದು ಹೊಗಳಲಾಗುವ ಗುಂಪು ಚಟುವಟಿಕೆಯನ್ನೇ ತೆಗೆದುಕೊಳ್ಳೋಣ. ಚಹಾ ಆದ ಮೇಲೆ ಶಿಕ್ಷಕರನ್ನು ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ ಗುಂಪು ಮಾಡುತ್ತಾರೆ. ಗುಂಪಿಗೊಂದು ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು. ‘ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆ ಏನು ಮಾಡಬಹುದು?’ ಎಂಬಂಥದೊಂದು ಪ್ರಶ್ನೆ. ಅಕ್ಷರ ದುಂಡಗಿದ್ದವರು ಬರೆಯುತ್ತಾರೆ, ವಯಸ್ಸಿನಲ್ಲಿ ಚಿಕ್ಕವರು ಎದ್ದು ಮಂಡಿಸುತ್ತಾರೆ. ಪಾಲಕರ ಸಹಕಾರ, ವಿಶೇಷ ತರಗತಿ, ಕಲಿಕೋಪಕರಣ, ಗುಂಪು ಅಧ್ಯಯನ. ನಾಲ್ಕೂ ಹಾಳೆಗಳ ಮೇಲೆ ಹೆಚ್ಚುಕಡಿಮೆ ಇವೇ ಮಾತು. ಚಪ್ಪಾಳೆ ಬೀಳುತ್ತದೆ, ಹಾಳೆ ಗೋಡೆಗೆ ಏರುತ್ತದೆ.

ಹೀಗಾಗುವುದಕ್ಕೆ ಶಿಕ್ಷಕರ ಸೋಮಾರಿತನ ಕಾರಣವಲ್ಲ. ದೋಷ ಇರುವುದು ಪ್ರಶ್ನೆಯಲ್ಲಿ. ವರ್ಷವಿಡೀ ತರಗತಿಯೊಳಗೆ ಕಾಲಿಡದವರೂ ಅದಕ್ಕೆ ಉತ್ತರ ಬರೆಯಬಲ್ಲರು. ಆ ಉತ್ತರವನ್ನು ತಪ್ಪೆನ್ನಲು ಯಾರಿಗೂ ಆಧಾರವಿಲ್ಲ, ಆದ್ದರಿಂದ ವಾದ ಹುಟ್ಟುವುದಿಲ್ಲ. ಯಾರಿಗೆ ಏನು ಗೊತ್ತಿದೆ, ಯಾರಿಗೆ ಎಲ್ಲಿ ತೊಡಕಾಗಿದೆ ಎಂಬುದು ಸಂಜೆಯಾದರೂ ಹೊಸ ಮುಖ್ಯಗುರುವಿಗೆ ತಿಳಿಯುವುದಿಲ್ಲ. ಪೀರಿಯಡ್ಡುಗಳ ಭಾರ ಹೊತ್ತ ಅತಿಥಿ ಶಿಕ್ಷಕಿ ಹಿರಿಯರ ನಡುವೆ ಸುಮ್ಮನೆ ಕೂತು ಮನೆಗೆ ಹೋಗುತ್ತಾರೆ.

ಅದೇ ಒಂದು ಗಂಟೆಯನ್ನು ಒಂದು ಲೆಕ್ಕಕ್ಕೆ ಕೊಡಬಹುದು. 52ರಲ್ಲಿ 27 ಕಳೆಯಬೇಕು. ಮಗು 35 ಎಂದು ಬರೆದಿದೆ. ಗುರುಗಳು ಕೆಂಪು ಪೆನ್ನಿನಲ್ಲಿ ತಪ್ಪು ಗುರುತು ಹಾಕಿ ಮುಂದೆ ಹೋಗಿದ್ದಾರೆ. ಆದರೆ ಆ ಮಗು ಕಣ್ಣುಮುಚ್ಚಿ ಬರೆದದ್ದಲ್ಲ, ಒಂದು ನಿಯಮ ಹಿಡಿದು ನಡೆದಿದೆ: ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು. 7ರಲ್ಲಿ 2 ಹೋದರೆ 5, 5ರಲ್ಲಿ 2 ಹೋದರೆ 3. ಇದೇ ಮಗುವಿಗೆ 63ರಲ್ಲಿ 28 ಕಳೆಯಲು ಕೊಟ್ಟರೆ 45 ಎನ್ನುತ್ತದೆ. 64ರಲ್ಲಿ 21 ಕಳೆಯಲು ಕೊಟ್ಟರೆ 43 ಎಂದು ಸರಿಯಾಗಿಯೇ ಹೇಳುತ್ತದೆ. ಅಂದರೆ ಸರಿ ಉತ್ತರದ ಒಳಗೂ ಆ ತಪ್ಪು ನಿಯಮ ಅಡಗಿ ಕೂತಿದೆ. ಇದನ್ನು ಮೇಜಿನ ಮೇಲಿಟ್ಟು ‘ಮುಂದಿನ ಲೆಕ್ಕ ಯಾವುದು ಕೊಡ್ತೀರಿ?’ ಎಂದು ಕೇಳಿದರೆ ಶಿಕ್ಷಕರು ಮಾತಾಡದೆ ಇರಲಾರರು. ಒಬ್ಬರು ಕಡ್ಡಿಯ ಕಟ್ಟು ಬಿಚ್ಚಿ ತೋರಿಸಬೇಕೆನ್ನುತ್ತಾರೆ. ಇನ್ನೊಬ್ಬರು ‘27ಕ್ಕೆ 35 ಕೂಡಿಸಿ ನೋಡು’ ಎಂದರೆ 62 ಬಂದು ಮಗು ತಾನೇ ನಿಲ್ಲುತ್ತದೆ ಎನ್ನುತ್ತಾರೆ. ಉರ್ದು ಬಲ್ಲ ಶಿಕ್ಷಕಿ ಮತ್ತೊಂದು ಸಂಗತಿ ಎತ್ತಬಹುದು: ಐವತ್ತೆರಡು ಎನ್ನುವಾಗ ಹತ್ತುಗಳೂ ಬಿಡಿಗಳೂ ಕಿವಿಗೇ ಬೇರೆಬೇರೆಯಾಗಿ ಕೇಳುತ್ತವೆ, ಮನೆಯಲ್ಲಿ ಬಾವನ್ ಎಂದು ಎಣಿಸುವ ಮಗುವಿಗೆ ಹಾಗೆ ಕೇಳುವುದಿಲ್ಲ. ಒಂಬತ್ತನೇ ತರಗತಿಯ ಗಣಿತ ಶಿಕ್ಷಕರಿಗೆ ತಮ್ಮ ಬೀಜಗಣಿತ ಎಲ್ಲಿ ಸಿಕ್ಕಿಬಿದ್ದಿದೆ ಎಂಬುದು ಆಗ ಕಾಣುತ್ತದೆ. ತರಬೇತಿ ಎಂದರೆ ಇದು.

ಇಲ್ಲಿ ಕೆಲವು ವಿಮರ್ಶಕರ ಜೊತೆ ಜಗಳ ಮಾಡಲೇಬೇಕು. ‘ಮೊದಲು ಹುದ್ದೆ ತುಂಬಿ, ಆಮೇಲೆ ತರಬೇತಿ’ ಎನ್ನುವವರ ಬೇಡಿಕೆ ನ್ಯಾಯವಾದದ್ದು. ಆದರೆ ಹುದ್ದೆ ತುಂಬುವವರೆಗೂ ಆ 35 ಹಾಗೆಯೇ ಇರಲಿ ಎಂದು ಯಾವ ಮಗುವಿಗೂ ಹೇಳಲಾಗದು. ಇವರಿಗಿಂತ ನನಗೆ ಸಿಟ್ಟು ತರಿಸುವವರು ‘ಶಿಕ್ಷಕರ ಮನೋಭಾವ ಬದಲಾಗಬೇಕು’ ಎನ್ನುವ ಬಣದವರು. ಪ್ರತಿ ವರ್ಷ ಫಲಿತಾಂಶ ಬಂದ ವಾರ ಇವರ ಲೇಖನ ಬರುತ್ತದೆ, ಜೂನ್‌ನಲ್ಲಿ ಇವರ ಪ್ರೇರಣಾ ಭಾಷಣ ಏರ್ಪಾಡಾಗುತ್ತದೆ. ಶಿಕ್ಷಕರಿಗೆ ಎಲ್ಲ ಗೊತ್ತಿದೆ, ಮಾಡಲು ಮನಸ್ಸಿಲ್ಲ ಎಂಬುದು ಇವರ ಊಹೆ. ಮೇಲಿನ ಲೆಕ್ಕವನ್ನೇ ನೋಡಿ. ಆ ಗುರುಗಳಿಗೆ ಮನಸ್ಸಿಲ್ಲವೆಂದು ಯಾರು ಹೇಳಿದರು? ತಪ್ಪಿನ ಒಳಗೆ ನಿಯಮ ಹುಡುಕುವ ಅಭ್ಯಾಸವನ್ನು ಅವರಿಗೆ ಯಾರೂ ಮಾಡಿಸಿಲ್ಲ. ಅರಿವಿನ ಕೊರತೆಯನ್ನು ಶೀಲದ ಕೊರತೆಯೆಂದು ಓದುವುದು ಕೆಟ್ಟ ವಿಮರ್ಶೆ. ಶಿಕ್ಷಕರ ಆತ್ಮಗೌರವಕ್ಕೆ ಅದರಿಂದ ಆದ ಗಾಯ ಸಣ್ಣದಲ್ಲ.

ಇಂಥ ದಿನಕ್ಕೆ ಇಂಗ್ಲೆಂಡಿನ ಉದಾಹರಣೆ ಕೊಡುವವರೂ ಇದ್ದಾರೆ. ಅಲ್ಲಿ 1980ರ ದಶಕದ ಕೊನೆಗೆ, ಕೆನೆತ್ ಬೇಕರ್ ಶಿಕ್ಷಣ ಮಂತ್ರಿಯಾಗಿದ್ದಾಗ, ವರ್ಷಕ್ಕೆ ಐದು ದಿನ ಮಕ್ಕಳಿಗೆ ರಜೆ ಕೊಟ್ಟು ಸಿಬ್ಬಂದಿಗೆ ತರಬೇತಿ ಕೊಡುವ ಪದ್ಧತಿ ಬಂತು. ಆದರೆ ನಾವು ನೋಡಬೇಕಾದದ್ದು ಜಪಾನಿನ ಕಡೆ. ಅಲ್ಲಿ ಶಿಕ್ಷಕರು ಕೂಡಿ ಒಂದು ಪಾಠ ತಯಾರಿಸುತ್ತಾರೆ. ಒಬ್ಬರು ನಿಜವಾದ ಮಕ್ಕಳಿಗೆ ಅದನ್ನು ಕಲಿಸುತ್ತಾರೆ, ಉಳಿದವರು ಮಕ್ಕಳ ಪಕ್ಕ ನಿಂತು ಅವರ ಬರಹ ಗಮನಿಸಿ ಆಮೇಲೆ ಚರ್ಚಿಸುತ್ತಾರೆ. ಸಂಶೋಧಕರಾದ ಸ್ಟಿಗ್ಲರ್ ಮತ್ತು ಹೀಬರ್ಟ್ 1999ರಲ್ಲಿ ತಮ್ಮ ಪುಸ್ತಕದಿಂದ ಇದನ್ನು ಹೊರಜಗತ್ತಿಗೆ ಪರಿಚಯಿಸಿದರು. ನಮ್ಮ ಕ್ಲಸ್ಟರ್ ಸಮಾಲೋಚನಾ ಸಭೆಯ ಮಾದರಿ ಪಾಠಕ್ಕೆ ಇದರ ಹತ್ತಿರದ ಗುಣವಿದೆ. ಅದನ್ನು ಯಾರೂ ಹೊಗಳುವುದಿಲ್ಲ ಎಂಬುದೇ ಬೇಸರ. ನಲಿ-ಕಲಿ ಹುಟ್ಟಿದ್ದೂ ಹೀಗೆಯೇ: 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ರಿಷಿ ವ್ಯಾಲಿಯ ಪದ್ಧತಿ ನೋಡಿ ಬಂದು, ತಮ್ಮ ಮಕ್ಕಳಿಗೆ ತಾವೇ ಕಾರ್ಡು ಬರೆದರು. ನಮ್ಮ ಪಕ್ಕದ ಸುರಪುರದಲ್ಲಿ ಶಿಕ್ಷಕರು ತಮ್ಮ ಸ್ವಂತ ಸಮಯದಲ್ಲಿ ಸೇರಿ ಪಾಠಗಳ ಚರ್ಚೆ ನಡೆಸಿದ ವೇದಿಕೆಗಳಿದ್ದವು.

ಬಿಸಿಯೂಟದ ಸುತ್ತೋಲೆ, ಮಕ್ಕಳ ರಕ್ಷಣೆಯ ಕಾನೂನು, ದಾಖಲೆಗಳ ಕೆಲಸ ಎಲ್ಲರಿಗೂ ಒಮ್ಮೆಗೇ ತಿಳಿಸಲು ಒಂದು ದಿನ ಬೇಕು, ಒಪ್ಪುತ್ತೇನೆ. ಅದನ್ನು ಸಭೆ ಎಂದು ಕರೆದರೆ ಸಾಕು.

ಬರುವ ಜೂನ್‌ನಲ್ಲಿ ಈ ಭಾಗದ ಶಾಲೆಗಳಿಗೆ ಬರುವ ಹೊಸ ಮುಖ್ಯಗುರುಗಳಲ್ಲಿ ನನ್ನ ಕೋರಿಕೆ ಇಷ್ಟು: ಮೊದಲ ಎರಡು ವಾರ ತರಗತಿಗಳ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ. ಆಮೇಲೊಂದು ಶನಿವಾರ ಮಧ್ಯಾಹ್ನ ಆರನೇ ತರಗತಿಯ ಗಣಿತದ ನೋಟ್‌ಬುಕ್ಕುಗಳನ್ನು ತರಿಸಿ, ಎಲ್ಲ ಶಿಕ್ಷಕರ ನಡುವೆ ಬಿಚ್ಚಿಡಿ. ಮೊದಲ ಮಾತನ್ನು ಅತಿಥಿ ಶಿಕ್ಷಕರಿಗೆ ಬಿಡಿ.