ಮಣ್ಣಿನ ಪಾತ್ರೆಯ ಮೇಲೆ ಸೋತವರ ಮುಖ

ವೀರರ ಕಥೆಗಳನ್ನು ನಾವು ಸಾಮಾನ್ಯವಾಗಿ ಗೆದ್ದವರ ಬಾಯಿಂದಲೇ ಕೇಳುತ್ತೇವೆ. ಸೋತವನಿಗೆ ಆ ಕಥೆಯಲ್ಲಿ ಇರುವ ಕೆಲಸ ಒಂದೇ, ನಾಯಕನ ಕೈಯಲ್ಲಿ ಸಾಯುವುದು. ಅವನ ತಾಯಿ ಅತ್ತಳೇ, ಅವನ ಊರು ಏನಾಯಿತು ಎಂದು ಯಾರೂ ಕೇಳುವುದಿಲ್ಲ. ಪ್ರಾಚೀನ ಗ್ರೀಕರ ವೀರಪುರಾಣವೂ ಇಷ್ಟೇ ಎಂದು ತಿಳಿದವರು ಒಮ್ಮೆ ಅವರ ಕುಂಬಾರರು ಮಾಡಿದ ಚಿತ್ರಪಾತ್ರೆಗಳನ್ನು ನೋಡಬೇಕು. ಎಣ್ಣೆ, ನೀರು, ದ್ರಾಕ್ಷಾರಸ ತುಂಬಿಡಲು ಮಾಡಿದ ಈ ಪಾತ್ರೆಗಳ ಮೈಮೇಲೆ ಯುದ್ಧದ ಬಗ್ಗೆ ಬಹಳ ಗಂಭೀರವಾದ ವಿಚಾರಣೆಯೊಂದು ನಡೆದಿದೆ.

ಕ್ರಿ.ಪೂ. 6 ಮತ್ತು 5ನೇ ಶತಮಾನಗಳಲ್ಲಿ ಅಥೆನ್ಸ್ ನಗರದ ಕೆರಮೈಕೋಸ್ ಎಂಬುದು ಕುಂಬಾರರ ಕೇರಿಯಾಗಿತ್ತು. ಇಂದು ನಾವು ಬಳಸುವ 'ಸೆರಾಮಿಕ್' ಎಂಬ ಪದದ ಬೇರೂ ಅಲ್ಲಿಯದೇ. ಆ ಪಾತ್ರೆಗಳ ಹೊಳೆಯುವ ಕಪ್ಪು ಬಣ್ಣ ಹೊರಗಿನಿಂದ ತಂದದ್ದಲ್ಲ. ಅದೇ ಜೇಡಿಮಣ್ಣನ್ನು ನುಣ್ಣಗೆ ತಿಳಿಗೊಳಿಸಿ ಬಳಿದು, ಆವಿಗೆಯಲ್ಲಿ ಗಾಳಿ ಬಿಟ್ಟು, ಗಾಳಿ ಕಟ್ಟಿ, ಮತ್ತೆ ಗಾಳಿ ಬಿಟ್ಟು ಸುಡುವುದರಿಂದ ಬಳಿದ ಭಾಗ ಕಪ್ಪಾಗಿ, ಉಳಿದದ್ದು ಕೆಂಪಾಗಿ ನಿಲ್ಲುತ್ತಿತ್ತು. ಮೊದಲು ಆಕೃತಿಗಳೇ ಕಪ್ಪಾಗಿದ್ದವು. ಸುಮಾರು ಕ್ರಿ.ಪೂ. 525ರ ಹೊತ್ತಿಗೆ ಹಿನ್ನೆಲೆಯನ್ನು ಕಪ್ಪಾಗಿಸಿ ಆಕೃತಿಗಳನ್ನು ಕೆಂಪಾಗಿ ಬಿಡುವ ಪದ್ಧತಿ ಬಂತು. ಮುಖದ ಭಾವವನ್ನು ಕುಂಚದಿಂದ ಬರೆಯಲು ಇದರಿಂದ ಅನುಕೂಲವಾಯಿತು. ಈ ಕೆಲಸಗಾರರಲ್ಲಿ ಕೆಲವರ ಹೆಸರೇ 'ಲಿಡಿಯಾದವನು', 'ಸಿಥಿಯಾದವನು' ಎಂದಿದೆ. ಅಂದರೆ ಗ್ರೀಕ್ ವೀರರ ಚಿತ್ರ ಬರೆದವರಲ್ಲಿ ಪರದೇಶದ ಮೂಲದವರೂ ಇದ್ದಿರಬೇಕು.

ಈ ಚಿತ್ರಗಳನ್ನು ಹೋಮರನ ಕಾವ್ಯಕ್ಕೆ ಬರೆದ ಸಚಿತ್ರ ಟಿಪ್ಪಣಿ ಎಂಬಂತೆ ನೋಡುವ ರೂಢಿಯಿದೆ. ಈ ರೂಢಿಯನ್ನು ನಾವು ಒಪ್ಪಲಾರೆವು. ಎಕ್ಸೆಕಿಯಾಸ್ ಎಂಬಾತ ತಾನೇ ತಿಗರಿ ತಿರುಗಿಸಿ ತಾನೇ ಚಿತ್ರ ಬರೆದು ಸಹಿ ಹಾಕಿದ ಪಾತ್ರೆಯೊಂದು ವ್ಯಾಟಿಕನ್ ಸಂಗ್ರಹಾಲಯದಲ್ಲಿದೆ. ಕಾಲ ಸುಮಾರು ಕ್ರಿ.ಪೂ. 540-530. ಟ್ರಾಯ್ ಯುದ್ಧದ ಇಬ್ಬರು ಮಹಾವೀರರು, ಅಕಿಲೀಸ್ ಮತ್ತು ಅಜಾಕ್ಸ್, ಎದುರುಬದುರು ಕುಳಿತು ಪಗಡೆಯಂಥ ಆಟ ಆಡುತ್ತಿದ್ದಾರೆ. ಒಬ್ಬನ ಬಾಯಿಂದ 'ನಾಲ್ಕು', ಇನ್ನೊಬ್ಬನ ಬಾಯಿಂದ 'ಮೂರು' ಎಂಬ ಮಾತು ಹೊರಬರುವಂತೆ ಅಕ್ಷರ ಬರೆದಿದ್ದಾನೆ. ಇಬ್ಬರ ಕೈಯಲ್ಲೂ ಈಟಿಗಳಿವೆ. ಈ ಪ್ರಸಂಗ ಇಲಿಯಡ್‌ನಲ್ಲಿ ಇಲ್ಲ, ಉಳಿದುಬಂದಿರುವ ಬೇರೆ ಯಾವ ಹಳೆಯ ಕಾವ್ಯದಲ್ಲೂ ಇಲ್ಲ. ಆದರೆ ಕಥೆ ಬಲ್ಲವನಿಗೆ ಇದರ ಅರ್ಥ ತಿಳಿಯುತ್ತದೆ. ಇಬ್ಬರೂ ಮನೆಗೆ ಹಿಂದಿರುಗುವವರಲ್ಲ. ಕಾವ್ಯ ಹೇಳದೆ ಬಿಟ್ಟದ್ದನ್ನು ಈ ಕುಂಬಾರ ಹೇಳಿದ್ದಾನೆ.

ಅದೇ ಎಕ್ಸೆಕಿಯಾಸ್ ಅಜಾಕ್ಸ್‌ನ ಸಾವನ್ನೂ ಬರೆದ. ಆ ಪಾತ್ರೆ ಫ್ರಾನ್ಸಿನ ಬೂಲೋನ್ ನಗರದಲ್ಲಿದೆ. ಅಕಿಲೀಸ್ ಸತ್ತ ಮೇಲೆ ಅವನ ಆಯುಧಗಳು ತನಗೆ ಸಿಗದೆ ಒಡಿಸಿಯಸ್‌ನ ಪಾಲಾದಾಗ ಅಜಾಕ್ಸ್ ಅವಮಾನದಿಂದ ಕುದಿದು ತನ್ನ ಖಡ್ಗದ ಮೇಲೆಯೇ ಬಿದ್ದು ಸಾಯುತ್ತಾನೆ. ಬೇರೆ ಕೆಲವು ಚಿತ್ರಕಾರರು ಖಡ್ಗ ಚುಚ್ಚಿಕೊಂಡ ಹೆಣವನ್ನು ಬರೆದರು. ಎಕ್ಸೆಕಿಯಾಸ್ ಬರೆದದ್ದು ಅದಕ್ಕಿಂತ ಮೊದಲಿನ ಕ್ಷಣವನ್ನು. ಆ ದೊಡ್ಡ ದೇಹ ಬಾಗಿ ಕುಳಿತು, ರೈತನೊಬ್ಬ ಸಸಿ ನೆಡುವಂತೆ, ಖಡ್ಗದ ಹಿಡಿಯನ್ನು ಮಣ್ಣಿನಲ್ಲಿ ಊರುತ್ತಿದೆ. ಹತ್ತಿರ ಮನುಷ್ಯರು ಯಾರೂ ಇಲ್ಲ. ಒಂದು ಮರ, ಒಂದು ಗುರಾಣಿ, ಒಂದು ಶಿರಸ್ತ್ರಾಣ, ಅಷ್ಟೇ.

ಸೊಫೊಕ್ಲಿಸ್ ಇದೇ ವಸ್ತುವನ್ನು ನಾಟಕ ಮಾಡಿದ್ದು ಈ ಪಾತ್ರೆ ಸುಟ್ಟು ಹಲವು ದಶಕಗಳಾದ ಮೇಲೆ. ಆ ನಾಟಕವೇ ಬಿ.ಎಂ. ಶ್ರೀಯವರ ಕೈಯಲ್ಲಿ 1929ರಲ್ಲಿ 'ಅಶ್ವತ್ಥಾಮನ್' ಆಗಿ ಕನ್ನಡಕ್ಕೆ ಬಂತು. ಗ್ರೀಕ್ ವೀರನ ಅವಮಾನವನ್ನು ಅವರು ಮಹಾಭಾರತದ ಅತ್ಯಂತ ನಿಂದಿತ ಯೋಧನ ಮೈಗೆ ತೊಡಿಸಿದರು. ಗೆದ್ದವರನ್ನು ಬಿಟ್ಟು ಅವರು ಅಶ್ವತ್ಥಾಮನನ್ನು ಆರಿಸಿಕೊಂಡದ್ದು ಆಕಸ್ಮಿಕವಲ್ಲ ಎಂದೇ ನಮ್ಮ ಭಾವನೆ. ಸೊಫೊಕ್ಲಿಸ್‌ನ ನಾಟಕದಲ್ಲಿ ಅಜಾಕ್ಸ್‌ನ ಶವಕ್ಕೆ ಸಂಸ್ಕಾರ ಸಿಗಬೇಕೆಂದು ವಾದಿಸುವವನು ಅವನ ಕಡುವೈರಿ ಒಡಿಸಿಯಸ್. ವೈರಿಯ ದುಃಖವನ್ನು ಕಾಣುವ ಕಣ್ಣೇ ಆ ನಾಟಕದ ಜೀವ.

ಈ ಕಣ್ಣು ಪಾತ್ರೆಗಳ ಮೇಲೂ ಇದೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಎಕ್ಸೆಕಿಯಾಸ್‌ನ ಇನ್ನೊಂದು ಪಾತ್ರೆಯಲ್ಲಿ ಅಕಿಲೀಸ್ ಅಮೆಜಾನ್ ರಾಣಿ ಪೆಂಥೆಸಿಲಿಯಾಳನ್ನು ಕೊಲ್ಲುತ್ತಿದ್ದಾನೆ. ಗೆಲ್ಲುವವನ ಮುಖವನ್ನು ಶಿರಸ್ತ್ರಾಣ ಮುಚ್ಚಿದೆ. ಸಾಯುವವಳ ಮುಖ ಪೂರ್ತಿ ತೆರೆದಿದೆ, ಅವಳು ಅವನ ಕಣ್ಣನ್ನೇ ನೋಡುತ್ತಿದ್ದಾಳೆ.

ಯೂಫ್ರೋನಿಯಸ್ ಬರೆದ ಪ್ರಸಿದ್ಧ ಪಾತ್ರೆಯಲ್ಲಿ (ಸುಮಾರು ಕ್ರಿ.ಪೂ. 515) ನಡುವೆ ಮಲಗಿರುವವನು ಟ್ರಾಯ್ ಪರವಾಗಿ ಹೋರಾಡಿದ ಸಾರ್ಪಿಡಾನ್, ಅಂದರೆ ಗ್ರೀಕರ ಶತ್ರು. ನಿದ್ರೆ ಮತ್ತು ಮರಣ ಎಂಬ ರೆಕ್ಕೆಯ ಸೋದರರು ರಕ್ತ ಸುರಿಯುತ್ತಿರುವ ಅವನ ದೇಹವನ್ನು ಮೆಲ್ಲಗೆ ಎತ್ತುತ್ತಿದ್ದಾರೆ. ಪಾತ್ರೆಯನ್ನು ತಿರುಗಿಸಿದರೆ ಹಿಂಬದಿಯಲ್ಲಿ ಯುವಕರು ಯುದ್ಧಕ್ಕೆಂದು ಕವಚ ತೊಡುತ್ತಿದ್ದಾರೆ. ಮುಂಬದಿಯಲ್ಲಿ ಏನಿದೆ ಎಂಬುದು ಅವರಿಗೆ ಗೊತ್ತಿಲ್ಲ. ನೋಡುವವರಿಗೆ ಗೊತ್ತಿದೆ. ಇಟಲಿಯ ಗೋರಿಯೊಂದರಿಂದ ಕಳ್ಳರು ಅಗೆದು ತೆಗೆದ ಈ ಪಾತ್ರೆಯನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 1972ರಲ್ಲಿ ಹತ್ತು ಲಕ್ಷ ಡಾಲರಿಗೆ ಕೊಂಡುಕೊಂಡಿತ್ತು. 2008ರಲ್ಲಿ ಅದು ಇಟಲಿಗೆ ಮರಳಿತು. ಲೂಟಿ ಎಂಬುದು ಪುರಾಣ ಕಾಲಕ್ಕೇ ಮುಗಿದ ಕಥೆಯಲ್ಲ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ನೇಪಲ್ಸ್ ಸಂಗ್ರಹಾಲಯದ ಒಂದು ನೀರಿನ ಕೊಡ. 'ಕ್ಲಿಯೋಫ್ರಾಡಿಸ್ ಚಿತ್ರಕಾರ' ಎಂದು ವಿದ್ವಾಂಸರು ಹೆಸರಿಟ್ಟಿರುವ ಕಲಾವಿದ ಸುಮಾರು ಕ್ರಿ.ಪೂ. 480ರಲ್ಲಿ ಬರೆದದ್ದು. ವಿಷಯ, ಟ್ರಾಯ್ ನಗರ ಬಿದ್ದ ರಾತ್ರಿ. ಮುದುಕ ರಾಜ ಪ್ರಿಯಾಮ್ ಬಲಿಪೀಠದ ಮೇಲೆ ಕುಳಿತು ಎರಡೂ ಕೈಗಳಿಂದ ತಲೆ ಹಿಡಿದುಕೊಂಡಿದ್ದಾನೆ. ಅವನ ಮಡಿಲಲ್ಲಿ ಮೊಮ್ಮಗನ ಹೆಣ. ಎದುರಿಗೆ ಅಕಿಲೀಸ್‌ನ ಮಗ ಖಡ್ಗ ಎತ್ತಿದ್ದಾನೆ. ಪಕ್ಕದಲ್ಲಿ ದೇವತೆಯ ವಿಗ್ರಹವನ್ನು ತಬ್ಬಿಕೊಂಡ ಕಸಾಂಡ್ರಾಳನ್ನು ಇನ್ನೊಬ್ಬ ಅಜಾಕ್ಸ್ ಎಳೆಯುತ್ತಿದ್ದಾನೆ. ಹೆಂಗಸರು ತಲೆ ಬಡಿದುಕೊಂಡು ಅಳುತ್ತಿದ್ದಾರೆ. ಒಬ್ಬ ಹೆಂಗಸು ಮಾತ್ರ ಅಳುತ್ತಿಲ್ಲ, ಕೈಗೆ ಸಿಕ್ಕ ಒನಕೆ ಎತ್ತಿ ಗ್ರೀಕ್ ಯೋಧನ ಮೇಲೆರಗಿದ್ದಾಳೆ. ನಾವು ನೆನಪಿಡಬೇಕಾದದ್ದು, ಇದನ್ನು ಬರೆದದ್ದು ಸೋತ ಟ್ರಾಯ್‌ನವರಲ್ಲ, ಗೆದ್ದ ಗ್ರೀಕರ ನಾಡಿನ ಕಲಾವಿದ. ಕ್ರಿ.ಪೂ. 480ರಲ್ಲೇ ಪರ್ಷಿಯನ್ ಸೈನ್ಯ ಅಥೆನ್ಸನ್ನು ಸುಟ್ಟಿತು. ಉರಿದುಹೋದ ಊರೆಂದರೆ ಏನೆಂಬುದು ಆ ತಲೆಮಾರಿಗೆ ತಿಳಿದಿತ್ತು. ಎಂಟು ವರ್ಷಗಳ ನಂತರ, ಪರ್ಷಿಯನ್ನರೊಡನೆ ಸ್ವತಃ ಹೋರಾಡಿದ್ದ ಈಸ್ಕಿಲಸ್ ಅವರ ಅರಮನೆಯ ಗೋಳನ್ನೇ ಅಥೆನ್ಸಿನ ರಂಗಕ್ಕೆ ತಂದ. ಅದೂ ಬಿ.ಎಂ. ಶ್ರೀಯವರಿಂದ 'ಪಾರಸಿಕರು' ಆಗಿ ಕನ್ನಡಕ್ಕೆ ಬಂದಿದೆ.

ಹಾಗೆಂದು ಗ್ರೀಕ್ ಚಿತ್ರಪಾತ್ರೆಗಳೆಲ್ಲ ಕರುಣೆಯ ಪಾಠಗಳು ಎಂದು ನಾವು ಹೇಳುತ್ತಿಲ್ಲ. ಅಥೆನ್ಸಿನ ರಾಷ್ಟ್ರೀಯ ಸಂಗ್ರಹಾಲಯದಲ್ಲಿರುವ ಇನ್ನೊಂದು ಪಾತ್ರೆಯಲ್ಲಿ ಹೆರಕ್ಲಿಸ್ ಈಜಿಪ್ಟಿನವರನ್ನು ಚಚ್ಚುತ್ತಿದ್ದಾನೆ. ಬೋಳುತಲೆ, ಚಪ್ಪಟೆ ಮೂಗಿನ ಆ ಮನುಷ್ಯರು ನಗೆಪಾಟಲಿಗೆಂದೇ ಬರೆದವರು. ಆಡುವ ಗಂಡಸರ ಪಾನಗೋಷ್ಠಿಗಳಲ್ಲಿ ಇಂಥ ಚಿತ್ರಗಳಿಗೂ ಬೇಡಿಕೆಯಿತ್ತು. ಅಂದರೆ ಒಂದೇ ಕೇರಿ, ಒಂದೇ ಮಣ್ಣು, ಒಂದೇ ಆವಿಗೆ. ಅದರಿಂದ ಪರರನ್ನು ಹಂಗಿಸುವ ಪಾತ್ರೆಯೂ ಬಂತು, ಪರರಿಗಾಗಿ ಮರುಗುವ ಪಾತ್ರೆಯೂ ಬಂತು. ಯಾವುದನ್ನು ಬರೆಯಬೇಕು ಎಂಬ ಆಯ್ಕೆ ಕಲಾವಿದನ ಕೈಯಲ್ಲಿತ್ತು.

ಆ ಆಯ್ಕೆ ಇಂದಿಗೂ ಉಳಿದಿದೆ. ವೀರರ ಕಥೆಗಳನ್ನು ಬಿಟ್ಟು ಯಾವ ಸಮಾಜವೂ ಬದುಕಿಲ್ಲ, ಬದುಕಬೇಕೆಂದು ನಾವು ಹೇಳುವುದೂ ಇಲ್ಲ. ಆದರೆ ಸಿನಿಮಾ, ನಾಟಕ, ಪಠ್ಯಪುಸ್ತಕ, ಊರ ಹೊರಗಿನ ಫ್ಲೆಕ್ಸ್ ಬೋರ್ಡು, ಎಲ್ಲಿಯೇ ಆಗಲಿ ಒಬ್ಬ ವೀರನನ್ನು ನಮ್ಮ ಮುಂದೆ ನಿಲ್ಲಿಸಿದಾಗ ನಾವು ಒಂದು ಪ್ರಶ್ನೆ ಕೇಳಬಹುದು. ಇವನ ಎದುರು ಬಿದ್ದವನಿಗೆ ಇಲ್ಲಿ ಮುಖವಿದೆಯೇ? ಎರಡೂವರೆ ಸಾವಿರ ವರ್ಷಗಳ ಹಿಂದೆ ನೀರಿನ ಕೊಡದ ಮೇಲೆ ಶತ್ರುವಿನ ಮೊಮ್ಮಗನನ್ನು ಬರೆದ ಕಲಾವಿದ ಈ ಪ್ರಶ್ನೆಗೆ ಉತ್ತರ ಕೊಟ್ಟಿದ್ದಾನೆ. ಅವನ ನಿಜವಾದ ಹೆಸರು ನಮಗೆ ತಿಳಿದಿಲ್ಲ, ಆದರೆ ಅವನು ಬರೆದ ಪ್ರಿಯಾಮನ ಕೈಗಳು ಈಗಲೂ ತಲೆಯ ಮೇಲೆಯೇ ಇವೆ.