ಬಲೂನಿನ ಚೀಟಿ, ಪಾಪೆಯ ಹೊಳಪು

ತುರ್ತಿನ ಸಂಗತಿಯೊಂದು ಕನ್ನಡಕದಂಗಡಿಗಳ ಬೋರ್ಡಿನ ಮೇಲಿದೆ: 'ಕಂಪ್ಯೂಟರ್ ಕಣ್ಣು ಪರೀಕ್ಷೆ'.

ಕುಸನೂರದಿಂದ ಮಗುವನ್ನು ಕಲಬುರಗಿ ಪೇಟೆಗೆ ಕರೆತಂದ ತಂದೆತಾಯಿಗೆ ಈ ಪರೀಕ್ಷೆಯ ಯಂತ್ರ ಎರಡೇ ನಿಮಿಷದಲ್ಲಿ ನಂಬರಿನ ಚೀಟಿ ಕೊಡುತ್ತದೆ. ಗದ್ದ ಊರಿ ನೋಡಿದರೆ ಒಳಗೆ ಉದ್ದನೆಯ ರಸ್ತೆ, ತುದಿಯಲ್ಲಿ ಬಣ್ಣದ ಬಲೂನು. ಚಿತ್ರ ಮಸುಕಾಗಿ ತಿಳಿಯಾಗುವುದು ಕಣ್ಣಿನ ಸ್ನಾಯು ಸಡಿಲಾಗಲಿ ಎಂದೇ. ಆದರೂ ಬಲೂನು ಪೆಟ್ಟಿಗೆಯೊಳಗೇ ಇದೆಯೆಂದು ಎಳೆಗಣ್ಣು ಬಿಗಿ ಹಿಡಿಯುತ್ತದೆ. ಸ್ನಾಯು ಸಡಿಲಿಸುವ ಹನಿ ಹಾಕದೆ ಅಳೆದಾಗ ಎಷ್ಟೋ ಸಲ ಇಲ್ಲದ ಮೈನಸ್ ಚೀಟಿಯಲ್ಲಿ ಮೂಡುತ್ತದೆ, ಇದ್ದ ಪ್ಲಸ್ ಮುಚ್ಚಿಹೋಗುತ್ತದೆ.

ಇದಕ್ಕೆ ಪರಿಹಾರ ಹಳೆಯದು. 1873ರಲ್ಲಿ ಫ್ರೆಂಚ್ ಸೇನಾ ವೈದ್ಯ ಕ್ವಿನ್ಯೆ ವಿವರಿಸಿದ ವಿಧಾನದಿಂದ ಬೆಳೆದು ಬಂದದ್ದು ರೆಟಿನೋಸ್ಕೋಪ್. ಕೋಣೆ ಕತ್ತಲು, ವೈದ್ಯರು ಮಗುವಿನಿಂದ ಒಂದು ತೋಳಿನ ದೂರದಲ್ಲಿ ಕೂತು ಬೆಳಕಿನ ಗೆರೆಯನ್ನು ಪಾಪೆಯ ಮೇಲೆ ಅತ್ತಿತ್ತ ಆಡಿಸುತ್ತಾರೆ. ಒಳಗಿನಿಂದ ಮರಳುವ ಕೆಂಪು ಹೊಳಪು ಗೆರೆಯ ಜೊತೆಗೇ ಓಡಿದರೆ ಪ್ಲಸ್ ಗಾಜು, ಎದುರು ಓಡಿದರೆ ಮೈನಸ್. ಗಾಜು ಬದಲಿಸುತ್ತ ಹೋದಂತೆ ಹೊಳಪು ಅಗಲವಾಗಿ, ಓಟ ನಿಂತು, ಇಡೀ ಪಾಪೆ ಒಮ್ಮೆಲೇ ಬೆಳಗುತ್ತದೆ. 66 ಸೆಂ.ಮೀ. ದೂರಕ್ಕೆಂದು ಒಂದೂವರೆ ನಂಬರ್ ಕಳೆದರೆ ಲೆಕ್ಕ ಮುಗಿಯಿತು.

ಮಗು ಒಂದಕ್ಷರವನ್ನೂ ಓದಬೇಕಿಲ್ಲ.

ಯಂತ್ರವೇ ಬೇಡವೆಂದು ಇದರರ್ಥವಲ್ಲ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ 'ಕಿಡ್‌ರಾಪ್' ಯೋಜನೆಯಲ್ಲಿ ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೇ ಹೋಗಿ, ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳ ರೆಟಿನಾ ಚಿತ್ರ ತೆಗೆಯುತ್ತಾರೆ. ತಜ್ಞರು ದೂರದಿಂದಲೇ ನೋಡಿ ಚಿಕಿತ್ಸೆ ಸೂಚಿಸುತ್ತಾರೆ. 34 ವಾರ ತುಂಬದ ಅಥವಾ 2 ಕಿಲೋಗಿಂತ ಕಡಿಮೆ ತೂಗುವ ಕೂಸಿನ ಕಣ್ಣನ್ನು ಹುಟ್ಟಿದ 30 ದಿನದೊಳಗೆ ತೋರಿಸಲೇಬೇಕು. ತಡವಾದರೆ ರೆಟಿನಾ ಕಳಚಿ ದೃಷ್ಟಿಯೇ ಹೋಗಬಹುದು. ಅಲ್ಲಿ ಕ್ಯಾಮೆರಾದ ಹಿಂದೆ ಪಳಗಿದ ಕಣ್ಣಿದೆ. ಅಂಗಡಿಯ ಚೀಟಿಯ ಹಿಂದೆ ಹಲವು ಸಲ ಯಾರೂ ಇರುವುದಿಲ್ಲ.

ಮಗುವಿಗೆ ಮೊದಲ ಕನ್ನಡಕ ಮಾಡಿಸುವವರು ವೈದ್ಯರಲ್ಲಿ ಹನಿ ಹಾಕಿಸಿ, ರೆಟಿನೋಸ್ಕೋಪ್‌ನಿಂದಲೇ ನಂಬರ್ ತೆಗೆಸಬೇಕು. ಸೈಕ್ಲೋಪೆಂಟೊಲೇಟ್ ಹನಿಗೆ ಸುಮಾರು ಒಂದು ದಿನ, ಅಟ್ರೋಪಿನ್‌ಗೆ ವಾರಕ್ಕೂ ಹೆಚ್ಚು ಕಾಲ ಹತ್ತಿರದ ಅಕ್ಷರ ಮಸುಕು, ಬೆಳಕೂ ಚುಚ್ಚುತ್ತದೆ. ಕಲಬುರಗಿಯ ಬಿಸಿಲಿನಲ್ಲಿ ಬೇಸಿಗೆ ರಜೆಗಿಂತ ದಸರಾ ರಜೆಯೇ ಇದಕ್ಕೆ ವಾಸಿ.