ಕಮಲಾಪುರದ ಕೆಂಪು, ಕಲಬುರಗಿಯ ತೊಗರಿ

ಕಲಬುರಗಿಯಿಂದ ಹುಮನಾಬಾದ್ ದಾರಿ ಹಿಡಿದರೆ ಕಮಲಾಪುರ. ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ಇಲ್ಲಿನ ಕೆಂಪು ಬಾಳೆಯ ಸಿಪ್ಪೆಗೆ ಬಣ್ಣ ಕೊಡುವುದು ಆಂಥೋಸಯನಿನ್ ಎಂಬ ವರ್ಣದ್ರವ್ಯ. ಹಣ್ಣಾಗುವಾಗ ಕಾಯಿ ತಾನೇ ಎಥಿಲೀನ್ ಅನಿಲ ಬಿಡುತ್ತದೆ, ಕಿಣ್ವಗಳು ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಜೀವರಸಾಯನ ಇಲ್ಲಿ ನಾಲಿಗೆಗೇ ಸಿಗುತ್ತದೆ.

2019ರಲ್ಲಿ ಜಿಐ ಪಡೆದ ಕಲಬುರಗಿ ತೊಗರಿಯ ಕಸುಬು ಇನ್ನೂ ಸೊಗಸು. ಎಳೆಯ ಗಿಡವನ್ನು ಮೆಲ್ಲಗೆ ಕಿತ್ತು, ಬೇರಿನ ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಅದು ಲೆಗ್‌ಹಿಮೋಗ್ಲೋಬಿನ್, ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಬಳಗವೇ! ಗಂಟಿನಲ್ಲಿರುವ ರೈಜೋಬಿಯಂ ಸೂಕ್ಷ್ಮಾಣು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ. ಆ ಕೆಲಸದ ಕಿಣ್ವ ಆಮ್ಲಜನಕ ತಾಗಿದರೆ ಕೆಡುತ್ತದೆ. ಅದನ್ನು ಕಾಯುವುದು ಈ ಕೆಂಪು. ಯೂರಿಯಾ ಚೀಲಕ್ಕೆ ಇಷ್ಟು ನಾಜೂಕು ಎಲ್ಲಿಂದ ಬರಬೇಕು?

ತಾಟಿನಲ್ಲೂ ಲೆಕ್ಕ ಪಕ್ಕಾ. ಜೋಳದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ತೊಗರಿಯಲ್ಲಿ ಸಾಕಷ್ಟು. ಹಾಗಾಗಿ ರೊಟ್ಟಿಯ ಕೊರತೆಯನ್ನು ಬ್ಯಾಳಿ ತುಂಬುತ್ತದೆ.

ಅಂದಹಾಗೆ, ಮತ್ತೆ ಬಾಳೆಗೆ ಬಂದರೆ, ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಹಣ್ಣು ಮಾಗಿಸುವುದಕ್ಕೆ ಕಾನೂನಿನ ನಿಷೇಧವಿದೆ. ಬಾಳೆ ಕೊಳ್ಳುವಾಗ, ಹೇಗೆ ಮಾಗಿಸಿದ್ದೆಂದು ಅಂಗಡಿಯವರನ್ನು ಒಂದು ಮಾತು ಕೇಳಿ.